ಉದಾಹರಣೆಗೊಂದು ಬದನೆಕಾಯಿ

ಜೂನ್ ತಿಂಗಳ ಮೊದಲ ದಿನ ನನ್ನ ಡೈರಿಯಲ್ಲಿ ಕೆಂಪು ಶಾಯಿಯಿಂದ ಹೀಗೆ ಬರೆದೆ: ‘ಈ ವರ್ಷ ನಮ್ಮ ಯುಕೆಜಿಯ ಮೂವತ್ತೊಂದು ಮಕ್ಕಳಲ್ಲಿ ಒಂದೇ ಒಂದು ಮಗುವೂ ವೇಷದ ದಿನ ತಪ್ಪು ಬಟ್ಟೆ ಹಾಕಿಕೊಂಡು ಬಂದು ಒಂಟಿಯಾಗಿ ನಿಲ್ಲಕೂಡದು. ಹಾಗೇನಾದರೂ ನಿಂತರೆ ನನ್ನ ಹೆಸರು ಪುಷ್ಪಾ ಅಲ್ಲ!’

ಕೆಳಗೆ ತಾರೀಖು ಹಾಕಿ, ಸಹಿ ಹಾಕಿ, ಸಹಿಯ ಕೆಳಗೆ ಎರಡು ಗೆರೆಯನ್ನೂ ಎಳೆದೆ. ಹೆಗಲ ಮೇಲಿಂದ ಇಣುಕಿ ಓದಿದ ನನ್ನ ಯಜಮಾನರು ಗೌರೀಶ್, ಕಾಫಿ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದರು.

“ಹೆಸರು ಬದಲಾಯಿಸೋದು ಅಂದ್ರೆ ಸುಲಭ ಅಲ್ಲ ಕಣೆ. ಆಧಾರು, ರೇಷನ್ ಕಾರ್ಡು ಎಲ್ಲಾ ಮತ್ತೆ ಮಾಡಿಸ್ಬೇಕು. ಒಂದು ಸಲ ಯೋಚನೆ ಮಾಡು.”

“ನೀವು ಅಂಗಡಿಗೆ ಹೊರಡ್ರೀ!”

ಈ ಶಪಥಕ್ಕೊಂದು ಕಾರಣವಿದೆ. ಹೋದ ವರ್ಷ ಮಕ್ಕಳೆಲ್ಲ ಎಲ್‌ಕೆಜಿಯಲ್ಲಿದ್ದಾಗ ಕೃಷ್ಣ-ರಾಧೆಯರ ವೇಷದ ದಿನ ಬಂತು. ಎಲ್ಲಿ ನೋಡಿದರೂ ನವಿಲುಗರಿ, ಎಲ್ಲಿ ನೋಡಿದರೂ ಲಂಗ-ದಾವಣಿ. ಅದರ ನಡುವೆ ಮೋನಿ ಎಂಬ ಪುಟ್ಟ ಹುಡುಗಿ ಮಾತ್ರ ಶಾಲೆಯ ಬೂದು ಯೂನಿಫಾರ್ಮ್ ಹಾಕಿಕೊಂಡು, ಎರಡು ಜಡೆಗೆ ಬಿಳಿ ರಿಬ್ಬನ್ ಕಟ್ಟಿಕೊಂಡು ಬಂದಿದ್ದಳು. ಕಾರ್ಯಕ್ರಮ ಮುಗಿಯುವವರೆಗೂ ಆ ಮಗು ಗೋಡೆಯ ಕಡೆ ಮುಖ ಮಾಡಿಯೇ ನಿಂತಿತ್ತು. ಅವಳ ಅಪ್ಪ ಅಮ್ಮ ಇಬ್ಬರೂ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವರು. ಮಗುವಿನ ಶಾಲೆಯ ವ್ಯವಹಾರವೆಲ್ಲ ತಾತ ಸಣ್ಣಬೀರಯ್ಯನವರ ಸುಪರ್ದಿ. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು. ಅದಕ್ಕೆ ವಾಟ್ಸಾಪ್ ಎಲ್ಲಿಂದ ಬರಬೇಕು?

“ನಮ್ಗ್ಯಾರೂ ಯೋಳ್ನೇ ಇಲ್ವಲ್ಲ ತಾಯಿ” ಎಂದು ಅವರು ಗೇಟಿನ ಬಳಿ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದರು.

ಮುರಳಿ ಹಿಡಿದ ನನ್ನ ಮಗಳು ಚಿನ್ನು, “ಅಮ್ಮಾ, ಮೋನಿ ಯಾಕೆ ಗೋಡೆ ನೋಡ್ತಾ ಇದಾಳೆ?” ಎಂದು ಕೇಳಿದಳು. ಆ ಪ್ರಶ್ನೆ ಇಡೀ ವರ್ಷ ನನ್ನ ಸೆರಗು ಹಿಡಿದು ಎಳೆಯುತ್ತಲೇ ಇತ್ತು.

ಹಾಗಾಗಿ ಈ ವರ್ಷ ಪೋಷಕರ ಸಭೆಯಲ್ಲಿ ರಮ್ಯಶ್ರೀ ಮಿಸ್, “ಮನೆಮನೆಗೆ ವಿಷಯ ತಲುಪಿಸೋಕೆ ಪೋಷಕರಲ್ಲೇ ಒಬ್ಬರು ಬೇಕು. ಯಾರಾದ್ರೂ ಮುಂದೆ ಬರ್ತೀರಾ?” ಎಂದು ಕೇಳಿ ಮುಗಿಸುವ ಮೊದಲೇ ನನ್ನ ಕೈ ಫ್ಯಾನಿಗೆ ತಾಗುವಷ್ಟು ಮೇಲೆ ಹೋಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಅಭಿನಂದನೆಯ ಚಪ್ಪಾಳೆ ಎಂದುಕೊಂಡಿದ್ದೆ. ತಮ್ಮ ತಲೆಗೆ ಬರಲಿಲ್ಲವಲ್ಲ ಎಂಬ ಸಂತೋಷದ ಚಪ್ಪಾಳೆಯೆಂದು ಆಮೇಲೆ ತಿಳಿಯಿತು!

ಹುಣಸೂರಿನಿಂದ ವೀರನಹೊಸಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಪುಟ್ಟ ಶಾಲೆ ನಮ್ಮದು. ಅರ್ಧ ಮಕ್ಕಳು ಪೇಟೆಯವರು, ಇನ್ನರ್ಧ ಸುತ್ತಲ ಹಳ್ಳಿಗಳವರು. ಹಳ್ಳಿಯ ಮಕ್ಕಳನ್ನು ತರುವುದು, ಬಿಡುವುದು ಮರಿಯಯ್ಯನವರ ಹಳದಿ ವ್ಯಾನು. ನನ್ನ ಸಾಮ್ರಾಜ್ಯದ ವಿಸ್ತಾರ ಇಷ್ಟು!

ಜುಲೈ ಮೂರನೇ ವಾರ ಮಿಸ್ ಫೋನ್ ಮಾಡಿದರು.

“ಪುಷ್ಪಾ ಮೇಡಂ, ಕೊನೇ ಶನಿವಾರ ‘ನಮ್ಮ ನೆಲದ ಬೆಳೆ’ ದಿನ ಮಾಡ್ತಿದೀವಿ. ಒಂದೊಂದು ಮಗು ಒಂದೊಂದು ಬೆಳೆಯ ವೇಷ. ರಾಗಿ, ಭತ್ತ, ಅವರೆ, ಟೊಮ್ಯಾಟೊ... ವೇದಿಕೆ ಮೇಲೆ ಬಂದು ‘ನಾನು ಇಂಥ ಬೆಳೆ’ ಅಂತ ಒಂದು ಮಾತು ಹೇಳಿದ್ರೆ ಸಾಕು. ಅತಿಥಿಗಳು ಬೇರೆ ಬರ್ತಾರೆ. ಎಲ್ಲರಿಗೂ ತಿಳಿಸೋದು ನಿಮಗೆ ಬಿಟ್ಟಿದ್ದು.”

“ನೀವು ನಿಶ್ಚಿಂತೆಯಾಗಿರಿ ಮಿಸ್!” ಎಂದೆ. ಫೋನ್ ಇಟ್ಟಾಗ ಮೈಯೆಲ್ಲ ಪುಳಕ. ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಕೂತು ಬರೆದೆ. ‘ಆತ್ಮೀಯ ಪೋಷಕ ಬಂಧುಗಳೇ’ ಎಂದು ಆರಂಭಿಸಿ ಹನ್ನೆರಡು ಅಂಶಗಳ ಸಂದೇಶ. ಬೆಳೆ ಆರಿಸುವ ಬಗೆ, ಬಟ್ಟೆಯ ಬಗೆ, ಮುಖಕ್ಕೆ ಬಣ್ಣ ಬಳಿಯುವಾಗ ಕಣ್ಣಿಗೆ ಹೋಗದಂತೆ ವಹಿಸಬೇಕಾದ ಎಚ್ಚರ, ವೇಷದಲ್ಲಿರುವ ಮಗು ಒಂದಕ್ಕೆ ಹೋಗಬೇಕಾದರೆ ಬಿಚ್ಚಲು ಅನುಕೂಲವಾಗುವ ಗುಂಡಿಗಳ ವ್ಯವಸ್ಥೆ. ಒಂದನ್ನೂ ಬಿಡಲಿಲ್ಲ. ಸಂವಿಧಾನ ಬರೆದವರಿಗೂ ಇಷ್ಟು ಶ್ರಮವಾಗಿರಲಾರದು! ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ, ಮರಿಯಯ್ಯನವರಿಗೂ ಕಳಿಸಿ, ಉಸಿರು ಬಿಗಿಹಿಡಿದು ಕಾದೆ.

ಮೊದಲ ಉತ್ತರ: ಹೆಬ್ಬೆರಳು. ಎರಡನೆಯದು: ಹೆಬ್ಬೆರಳು. ಮೂರನೆಯದು: ಗುಲಾಬಿ ಹೂವಿನ ಜೊತೆ ‘ಶುಭೋದಯ’, ಅದೂ ಸಂಜೆ ಐದಕ್ಕೆ! ನಾಲ್ಕನೆಯವರು ಕೇಳಿದರು: ‘ಮೇಡಂ, ಶನಿವಾರ ರಜಾನಾ?’

ಹನ್ನೆರಡು ಅಂಶಗಳಲ್ಲಿ ರಜೆ ಎಂಬ ಪದವೇ ಇರಲಿಲ್ಲ. ‘ರಜೆ ಇಲ್ಲ’ ಎಂದು ಬರೆದೆ. ತಕ್ಷಣ ಇನ್ನೊಬ್ಬರು: ‘ಯಾಕೆ ರಜೆ?’

ಮರುದಿನ ಸಣ್ಣಬೀರಯ್ಯನವರು ಗೌರೀಶರ ಗೊಬ್ಬರದ ಅಂಗಡಿಗೆ ಬಂದು, ಅಲ್ಲಿಂದಲೇ ನನ್ನ ಜೊತೆ ಫೋನಿನಲ್ಲಿ ಮಾತಾಡಿದರು.

“ಅವ್ವಾ, ಬೆಳೆ ವ್ಯಾಸ ಅಂತಲ್ಲ, ಮರಿಯಯ್ಯ ಯೋಳ್ದ. ನಮ್ ಒಲ್ದಲ್ಲಿರೋದು ಒಗೆಸೊಪ್ಪು. ನಾಕು ಎಲೆ ಮಗೀಗೆ ಸುತ್ಬುಟ್ಟು ಕಳುಸ್ತೀನಿ. ಆಯ್ತದಲ್ವಾ?”

ಗೋಡೆಯ ಮೇಲೆ ‘ಧೂಮಪಾನ ಮುಕ್ತ ಆವರಣ’ ಎಂದು ಬರೆದಿರುವ ಶಾಲೆಯಲ್ಲಿ, ಅತಿಥಿಗಳ ಎದುರು ಮಗುವೊಂದು ನಿಂತು ‘ನಾನು ತಂಬಾಕು’ ಎಂದರೆ!

“ತಾತಾ, ಹೊಗೆಸೊಪ್ಪು ಬೇಡ. ತಿನ್ನೋ ಬೆಳೆ ಮಾಡಿ.”

“ನಾವು ಬೆಳೆಯಾದೇ ಅದು ಕಣವ್ವ. ಅದುನ್ನ ಬುಟ್ಟು ಮಗೀಗೆ ಸುಳ್ಳು ಯಾಕೆ ಕಲ್ಸದು?”

ಮಾತು ಸರಿಯಾಗಿಯೇ ಇತ್ತು. ಅದೇ ಕಷ್ಟ! ಅಂತೂ ಅವರನ್ನು ಒಪ್ಪಿಸಿ, ಗುಂಪಿನಲ್ಲಿ ಎರಡನೇ ಸಂದೇಶ ಹಾಕಿದೆ: ‘ತಂಬಾಕು ಬೇಡ. ತಿನ್ನುವಂಥದ್ದು ಮಾತ್ರ.’ ಈಗ ಗುಂಪಿಗೆ ಜೀವ ಬಂತು ನೋಡಿ!

‘ಶುಂಠಿ ಆಗುತ್ತಾ ಮೇಡಂ? ಶುಂಠಿಗೆ ಕೈಕಾಲು ಎಲ್ಲಿ ಬರುತ್ತೆ?’

‘ಅಡಿಕೆ ತಿನ್ನೋದಾ, ಅಗಿಯೋದಾ?’

‘ತಿನ್ನುವಂಥದ್ದು ಅಂದ್ರೆ ನಾಟಿಕೋಳಿ ಮಾಡಬಹುದಾ? ರೆಕ್ಕೆ ಮನೇಲಿದೆ.’

‘ಶನಿವಾರ ರಜಾನಾ?’

ನಾನು ಮೊಬೈಲನ್ನು ದಿಂಬಿನ ಕೆಳಗೆ ಹಾಕಿ ಅದರ ಮೇಲೆ ಕುಳಿತೆ. ಆಗಲೇ ಆ ಮಹಾನ್ ಯೋಚನೆ ಹೊಳೆದದ್ದು. ಇಷ್ಟೆಲ್ಲ ಮಾತು ಯಾಕೆ? ಒಂದು ಫೋಟೋ ಸಾಕು!

ಚಿನ್ನುವಿನ ಹಳೆಯ ಹುಟ್ಟುಹಬ್ಬದ ಗೌನು ಬೀರುವಿನಲ್ಲಿತ್ತು. ಕಡು ನೇರಳೆ ಬಣ್ಣ, ಕೆಳಗೆ ಬುಡ್ಡೆಯ ಹಾಗೆ ಉಬ್ಬಿದ ಅಂಚು. ಹಸಿರು ಬಟ್ಟೆಯ ಚೂರುಗಳಿಂದ ಐದು ಎಸಳಿನ ಟೋಪಿ ಹೊಲಿದೆ, ತುದಿಗೊಂದು ತೊಟ್ಟು ನಿಲ್ಲಿಸಿದೆ. ಅರ್ಧ ಗಂಟೆಯಲ್ಲಿ ನನ್ನ ಮಗಳು ಬದನೆಕಾಯಿ! ಎಷ್ಟು ಮುದ್ದಾಗಿ ಕಂಡಳೆಂದರೆ ಎಣ್ಣೆಗಾಯಿ ಮಾಡುವವರೂ ಕತ್ತಿ ಕೆಳಗಿಡಬೇಕು. ಹಿತ್ತಲಿನ ಸೀಬೆ ಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದೆ. ಚಿನ್ನುವೂ ಕುಣಿದಾಡಿಬಿಟ್ಟಳು. “ಅಮ್ಮಾ, ನಾನು ಬದನೆಕಾಯಿ! ನಾನು ಗುಂಡು ಬದನೆಕಾಯಿ!”

ಊಟಕ್ಕೆ ಬಂದ ಗೌರೀಶ್ ಫೋಟೋ ನೋಡಿ ಹುಬ್ಬೇರಿಸಿದರು.

“ಇದನ್ನ ಗುಂಪಿಗೆ ಹಾಕ್ತೀಯಾ? ಬೇಡ ಕಣೆ.”

“ಯಾಕ್ರೀ? ದೃಷ್ಟಿ ಆಗುತ್ತಾ?”

“ದೃಷ್ಟಿ ಅಲ್ಲ, ಸೃಷ್ಟಿ ಆಗುತ್ತೆ! ನನ್ನ ಅಂಗಡೀಲಿ ದಿನಾ ನೋಡ್ತೀನಿ ನಾನು. ಬರೋರು ಖಾಲಿ ಪ್ಯಾಕೆಟ್ ತಂದು ಕೌಂಟರ್ ಮೇಲೆ ಇಡ್ತಾರೆ. ‘ಪಕ್ಕದ ಹೊಲದೋನು ಇದು ಹೊಡ್ದವ್ನೆ, ನಂಗೂ ಇದೇ ಕೊಡಿ’ ಅಂತಾರೆ. ‘ಸ್ವಾಮಿ, ಅವರದು ಟೊಮ್ಯಾಟೊ, ನಿಮ್ದು ರಾಗಿ’ ಅಂದ್ರೂ ಕೇಳಲ್ಲ. ‘ಇದೇ ಕೊಡಿ’. ಪ್ಯಾಕೆಟ್ ಮೇಲೆ ಬರೆದಿರೋದನ್ನ ಇವತ್ತಿನವರೆಗೂ ಒಬ್ಬರೂ ಓದಿಲ್ಲ. ಕಣ್ಣಿಗೆ ಕಂಡಿದ್ದೇ ಆರ್ಡರು!”

“ಅದು ಕೀಟನಾಶಕ. ಇದು ಶಿಕ್ಷಣ! ನಾನು ಕೆಳಗೆ ‘ಉದಾಹರಣೆಗೆ ಮಾತ್ರ’ ಅಂತ ಬರೀತೀನಿ.”

“ಬರಿ, ಬರಿ. ಓದೋರು ಸಿಕ್ಕಿದ್ರೆ ನನಗೂ ತೋರಿಸು.”

ಅಸೂಯೆ! ಹೆಂಡತಿಯ ಏಳಿಗೆ ಯಾವ ಗಂಡಸಿಗೆ ಸಹಿಸುತ್ತದೆ? ಫೋಟೋ ಹಾಕಿದೆ. ಕೆಳಗೆ, ‘ಉದಾಹರಣೆಗೆ ಮಾತ್ರ. ಹೀಗೆ ನಿಮ್ಮ ನಿಮ್ಮ ಇಷ್ಟದ ಬೆಳೆ’ ಎಂದು ಬರೆದೆ. ಹಳ್ಳಿಯ ಮನೆಗಳಿಗೆ ತಲುಪಲೆಂದು ಮರಿಯಯ್ಯನವರಿಗೂ ಬೇರೆಯಾಗಿ ಕಳಿಸಿದೆ.

ಆಹಾ! ಗುಂಪು ತಕ್ಷಣ ಶಾಂತವಾಯಿತು. ಶುಂಠಿ, ಅಡಿಕೆ, ನಾಟಿಕೋಳಿ ಎಲ್ಲವೂ ಮಾಯ. ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತೆರಡು ಹೆಬ್ಬೆರಳು, ಆರು ಹೃದಯ. ‘ಈಗ ಅರ್ಥ ಆಯ್ತು ಮೇಡಂ’ ಎಂದು ಮೂವರು. ‘ಮೊದಲೇ ಹೀಗೆ ಹೇಳಬಾರದಿತ್ತಾ?’ ಎಂದು ಒಬ್ಬರು. ರಜೆ ಕೇಳುವವರೂ ಹೆಬ್ಬೆರಳು ಎತ್ತಿದರು! ಆ ದಿನ ಡೈರಿಯಲ್ಲಿ ಒಂದೇ ವಾಕ್ಯ ಬರೆದೆ: ‘ಗೆದ್ದೆ.’

ಮಾರನೇ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಮರಿಯಯ್ಯ ಸಿಕ್ಕರು.

“ಮೇಡಂ, ನೀವು ಮೊದ್ಲು ಬರ್ದಿದ್ರಲ್ಲ, ಅದು ಬೋ ಉದ್ದ. ಅದ್ನ ಓದ್ಕೊಂಡು ನಿಂತ್ರೆ ನಮ್ ವ್ಯಾನು ಸ್ಕೂಲಿಗೆ ಮದ್ಯಾನ್ಕೆ ಬತ್ತದೆ. ಈಗ ಕಳ್ಸಿದ್ರಲ್ಲ ಫೋಟ, ಅದು ಚೆಂದಾಗದೆ. ಒಂದೊಂದು ಸ್ಟಾಪಲ್ಲೂ ನಿಲ್ಸಿ ಎಲ್ಲಾರ್ಗೂ ತೋರ್ಸಿವ್ನಿ. ಒಂದ್ ಮನೇನೂ ಬುಟ್ಟಿಲ್ಲ!”

“ಸಣ್ಣಬೀರಯ್ಯನವರಿಗೆ?”

“ಅವ್ರಿಗೆ ಎಲ್ಡು ಸಲಿ ತೋರ್ಸಿವ್ನಿ. ಕನ್ನಡ್ಕ ಹಾಕ್ಕೊಂಡು ನೋಡುದ್ರು. ‘ಆಯ್ತು ಬುಡು, ಇನ್ ನಾನ್ ನೋಡ್ಕತೀನಿ’ ಅಂದ್ರು.”

ನನ್ನ ಕಣ್ಣು ತುಂಬಿ ಬಂತು. ಈ ಸಲ ಮೋನಿ ಗೋಡೆ ನೋಡುವುದಿಲ್ಲ!

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ತಲೆ ಎತ್ತಿಕೊಂಡು ಓಡಾಡುತ್ತಿದ್ದೆ. ಆದರೆ ಸಂಚಾಲಕಿಯ ಮಗಳು ಅಂದಮೇಲೆ ಉದಾಹರಣೆಯ ವೇಷದಲ್ಲೇ ಬರುವುದೇ? ಊರಿಗೆಲ್ಲ ತೋರಿಸಿಬಿಟ್ಟ ಬದನೆಕಾಯಿಯಲ್ಲಿ ಏನು ಹೊಸತನವಿದೆ? ಚಿನ್ನುವಿಗೆ ಹೊಸದೇನಾದರೂ ಬೇಕು, ನೋಡಿದವರು ಬಾಯಿ ಬಿಡಬೇಕು. ನಿರ್ಧರಿಸಿದೆ: ಮುಸುಕಿನ ಜೋಳ! ಯಾರಿಗೂ ಸುಳಿವು ಕೊಡದೆ, ಗುಟ್ಟಾಗಿ!

ಹಳದಿ ಬಟ್ಟೆ ತರಲು ಪೇಟೆಗೆ ಹೋದೆ. ಬಟ್ಟೆ ಅಂಗಡಿಯವರು ಹಳದಿ ಥಾನು ಬಿಚ್ಚುತ್ತ ನಿಟ್ಟುಸಿರು ಬಿಟ್ಟರು.

“ಹಳದಿ ಎಷ್ಟು ಬೇಕಾದ್ರೂ ತಗೊಳ್ಳಿ ಮೇಡಂ. ಬದನೆಕಾಯಿ ಕಲರ್ ಮಾತ್ರ ಕೇಳ್ಬೇಡಿ, ಒಂದು ಗೇಣೂ ಉಳಿದಿಲ್ಲ. ಈ ವಾರ ಜನಕ್ಕೆ ಏನಾಗಿದೆಯೋ ಗೊತ್ತಿಲ್ಲ! ಬಂದೋರೆಲ್ಲ ಅದೇ, ಅದೇ.”

“ಈ ವರ್ಷದ ಫ್ಯಾಷನ್ನು ಇರಬೇಕು” ಎಂದು ಜಾಣೆಯ ಹಾಗೆ ನಕ್ಕು ಬಂದೆ.

ಹೊಲಿಸಲು ಪುಟ್ಟಸಿದ್ದಮ್ಮನವರ ಮನೆಗೆ ಹೋದೆ. ಶಾಲೆಯ ಹತ್ತಿರದ ಹಳ್ಳಿಯಲ್ಲಿ ಹೊಲಿಗೆ ಯಂತ್ರವಿರುವುದು ಅವರೊಬ್ಬರ ಮನೆಯಲ್ಲೇ. ಯಂತ್ರದ ಸುತ್ತ ನೇರಳೆ ಬಟ್ಟೆಯ ಗುಡ್ಡ! ಅದರ ನಡುವೆ ಅವರ ತಲೆ ಮಾತ್ರ ಕಾಣುತ್ತಿತ್ತು.

“ಏನಮ್ಮಾ ಇದು! ಸ್ತ್ರೀಶಕ್ತಿ ಸಂಘದೋರ ಬ್ಲೌಸಾ?”

“ಅಯ್ಯೋ ಏನ್ ಕೇಳೀರಿ! ಮೂರ್ ದಿನದಿಂದ ಪೆಡ್ಲು ತುಳ್ದು ತುಳ್ದು ಕಾಲು ಬಿದ್ದೋಯ್ತು. ಎಲ್ಲಾ ನಿಮ್ ಪುಣ್ಯ ಕಣವ್ವ, ನಿಮ್ ಒಟ್ಟೆ ತಣ್ಣಗಿರ್ಲಿ!”

ನನ್ನ ಪುಣ್ಯ ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೊಗಳಿಕೆಗೆ ಕಾರಣ ಕೇಳುವ ಅಭ್ಯಾಸ ನನಗಿಲ್ಲ! ನನ್ನ ಜೋಳದ ಗುಟ್ಟು ಬಯಲಾದೀತೆಂಬ ಹೆದರಿಕೆ ಬೇರೆ. “ಹಳದೀದು ಏನಕ್ಕೆ?” ಎಂದು ಅವರು ಕೇಳಿದಾಗ, “ದಿಂಬಿನ ಕವರು” ಎಂದುಬಿಟ್ಟೆ. ಅವರು ನನ್ನನ್ನೂ ದಿಂಬಿನ ಅಳತೆಯನ್ನೂ ಒಮ್ಮೆ ನೋಡಿ ಕತ್ತರಿ ಎತ್ತಿಕೊಂಡರು.

ಶುಕ್ರವಾರ ಶಾಲೆಯಿಂದ ಬಂದ ಚಿನ್ನು ಬ್ಯಾಗು ಬಿಸಾಡಿ ಹೇಳಿದಳು:

“ಅಮ್ಮಾ, ಮೋನಿ ಬದನೆಕಾಯಿ ಅಂತೆ. ಯಶ್ವಿನೂ ಬದನೆಕಾಯಿ ಅಂತೆ. ಆದಿನೂ ಬದನೆಕಾಯಿ ಅಂತೆ. ನಾನೂ ಬದನೆಕಾಯಿನೇ ಆಗ್ತೀನಿ.”

ಎಲ್ಲರ ಡಬ್ಬಿಯಲ್ಲೂ ಬದನೆಕಾಯಿ ಪಲ್ಯ ಬಂದಿರಬೇಕು, ಮಳೆಗಾಲದಲ್ಲಿ ಅಗ್ಗ ಎಂದುಕೊಂಡೆ. “ನೀನು ಜೋಳ ಪುಟ್ಟಾ. ಜೋಳ ಅಂದ್ರೆ ಎಷ್ಟು ಚೆಂದ ಗೊತ್ತಾ?”

“ನಂಗೆ ಜೋಳ ಬೇಡ. ಎಲ್ಲಾರ ಜೊತೆ ನಿಲ್ಬೇಕು.”

“ಎಲ್ಲರ ಹಾಗೆ ಇದ್ದರೆ ಏನು ಮಜಾ?” ಎಂದೆ. ಈಗ ಈ ವಾಕ್ಯವನ್ನು ಬರೆಯುವಾಗ ನನ್ನ ಪೆನ್ನಿಗೇ ನಾಚಿಕೆಯಾಗುತ್ತಿದೆ.

ಶನಿವಾರ ಬೆಳಗಾಯಿತು. ಜೋಳದ ಒಳಗೆ ಚಿನ್ನುವನ್ನು ಇಳಿಸಿದೆವು. ದಪ್ಪ ರಟ್ಟಿನ ಸುತ್ತ ಹಳದಿ ಬಟ್ಟೆ, ಅದರ ಮೇಲೆ ನಾನೂರು ಥರ್ಮಾಕೋಲ್ ಗುಂಡು, ಒಂದೊಂದಕ್ಕೂ ಹಳದಿ ಬಣ್ಣ. ಎರಡೂ ಕಡೆ ಹಸಿರು ಸಿಪ್ಪೆ. ತಲೆಯ ಮೇಲೆ ಹೊಲದಿಂದಲೇ ತಂದ ನಿಜವಾದ ಜೋಳದ ರೇಷ್ಮೆಕೂದಲು. ಮುಖಕ್ಕೆ ಮಾತ್ರ ಒಂದು ಕಿಂಡಿ. ಅದ್ಭುತ! ಒಂದೇ ತೊಂದರೆಯೆಂದರೆ, ಜೋಳಕ್ಕೆ ಸೊಂಟವಿಲ್ಲ. ಮಗು ಬಾಗುವ ಹಾಗಿಲ್ಲ, ಕೂರುವ ಹಾಗಿಲ್ಲ, ಕೈ ಎತ್ತುವ ಹಾಗಿಲ್ಲ.

“ಸ್ಕೂಟರ್ ಮೇಲೆ ಹೆಂಗೆ ಕೂರ್ತಾಳೆ?” ಎಂದರು ಗೌರೀಶ್.

“ನಿಮ್ಮ ಅಂಗಡಿ ಗೂಡ್ಸ್ ಆಟೋ ಇದೆಯಲ್ಲ!”

ಹೀಗೆ ನನ್ನ ಮಗಳು ಯೂರಿಯಾ ಮೂಟೆಗಳ ಜಾಗದಲ್ಲಿ ನೆಟ್ಟಗೆ ನಿಂತು, ಒಂದು ಕಡೆ ಅಪ್ಪ, ಒಂದು ಕಡೆ ಅಮ್ಮ ಹಿಡಿದುಕೊಂಡು, ಗಣಪತಿ ಮೆರವಣಿಗೆಯ ಹಾಗೆ ಹೊರಟಳು. ಕಿಂಡಿಯೊಳಗಿಂದ ಎರಡು ಸಲ ಧ್ವನಿ ಬಂತು. “ಅಮ್ಮಾ, ಮೂಗು ಕಡೀತಿದೆ.” ಎರಡು ಸಲವೂ ನಾನೇ ಕೈ ತೂರಿಸಿ ಕೆರೆದೆ.

ಶಾಲೆಯ ಗೇಟಿನ ಒಳಗೆ ಆಟೋ ನಿಂತಿತು. ಇಳಿದೆ. ನೋಡಿದೆ.

ಬದನೆಕಾಯಿ.

ಧ್ವಜಸ್ತಂಭದ ಬಳಿ ಬದನೆಕಾಯಿ. ಜಾರುಬಂಡೆಯ ಮೇಲೆ ಬದನೆಕಾಯಿ. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ ನಾಲ್ಕು ಬದನೆಕಾಯಿ. ಅಷ್ಟರಲ್ಲಿ ಮರಿಯಯ್ಯನವರ ವ್ಯಾನು ಬಂದು ಬಾಗಿಲು ತೆರೆಯಿತು. ಒಳಗಿಂದ ಸಂತೆಯ ದಿನ ಚೀಲ ಸುರಿದ ಹಾಗೆ ಉರುಳಿದವು ಬದನೆಕಾಯಿಗಳು! ಎಲ್ಲವಕ್ಕೂ ನೇರಳೆ ಗೌನು, ಕೆಳಗೆ ಉಬ್ಬಿದ ಅಂಚು, ಐದು ಎಸಳಿನ ಹಸಿರು ಟೋಪಿ, ತುದಿಗೊಂದು ತೊಟ್ಟು. ಹುಡುಗರಿಗೂ ಗೌನೇ! ಚಿನ್ನುವಿನ ಆ ಹಳೆಯ ಗೌನಿನ ಎಡಭುಜದ ಮೇಲೆ ಒಂದು ಹರಿದ ಜಾಗಕ್ಕೆ ನಾನು ಬಿಳಿ ಚಿಟ್ಟೆಯ ತೇಪೆ ಹಾಕಿದ್ದೆ. ಇಲ್ಲಿ ಪ್ರತಿಯೊಂದು ಬದನೆಕಾಯಿಯ ಎಡಭುಜದ ಮೇಲೂ ಒಂದು ಬಿಳಿ ಚಿಟ್ಟೆ! ಪುಟ್ಟಸಿದ್ದಮ್ಮ ಒಂದು ಹೊಲಿಗೆಯನ್ನೂ ತಪ್ಪಿಸಿರಲಿಲ್ಲ.

ಗೌರೀಶ್ ಎಣಿಸಿದರು. “ಮೂವತ್ತು” ಎಂದರು ಮೆತ್ತಗೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಇದೇ ಕೊಡಿ” ಎಂದರು. ಆ ಮನುಷ್ಯನನ್ನು ಅಲ್ಲೇ ಆಟೋ ಹತ್ತಿಸಿ ಕಳಿಸಿಬಿಡೋಣ ಎನ್ನಿಸಿತು.

ಕಾರ್ಯಕ್ರಮ ಶುರುವಾಯಿತು. ರಮ್ಯಶ್ರೀ ಮಿಸ್ ಮೂವತ್ತೊಂದು ಬೆಳೆಗಳಿಗೆ ಒಂದೊಂದು ಪದ್ಯ ಬರೆದುಕೊಂಡು ಬಂದಿದ್ದರು. ಕೈಯಲ್ಲಿದ್ದ ಕಾಗದದ ಕಟ್ಟು ನೋಡಿದರು, ಎದುರಿನ ಸಾಲು ನೋಡಿದರು, ಕಟ್ಟನ್ನು ಮಡಿಸಿ ಮೇಜಿನ ಕೆಳಗಿಟ್ಟರು. ಒಬ್ಬೊಬ್ಬರೇ ಮೈಕಿನ ಮುಂದೆ ಬಂದರು.

“ನಾನು ಬದನೆಕಾಯಿ.”

“ನಾನು ಬದನೆಕಾಯಿ.”

“ನಾನೂ ಬದನೆಕಾಯಿ!”

ಏಳನೆಯವನು ಬಂದು, ಹೊಸದೇನೂ ಹೇಳಲು ಉಳಿದಿಲ್ಲವೆಂದು ಮೈಕಿಗೆ ಮುತ್ತು ಕೊಟ್ಟು ಹೋದ. ಜನ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾದರು. ಅತಿಥಿಗಳಾಗಿ ಬಂದಿದ್ದವರು ನಿವೃತ್ತ ಕೃಷಿ ಅಧಿಕಾರಿ ವೀರಭದ್ರಸ್ವಾಮಿಯವರು. ಅವರ ಭಾಷಣದ ವಿಷಯ ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿತ್ತು: ‘ಮಿಶ್ರ ಬೆಳೆಯ ಮಹತ್ವ’! ಅವರು ಹನ್ನೆರಡನೇ ಬದನೆಕಾಯಿಯ ಹೊತ್ತಿಗೆ ಕನ್ನಡಕ ಒರೆಸಿಕೊಂಡರು. ಇಪ್ಪತ್ತನೆಯದಕ್ಕೆ ಮಿಸ್ ಕಡೆ ಬಾಗಿ, “ಮೇಡಂ, ಈ ಕಡೆ ಹೊಗೆಸೊಪ್ಪು ಬಿಟ್ಟು ಎಲ್ಲರೂ ಬದನೆ ಹಾಕಿದ್ದು ಯಾವಾಗಿಂದ? ನನಗೆ ಗೊತ್ತೇ ಆಗ್ಲಿಲ್ಲ” ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಮೋನಿಯ ಸರದಿ ಬಂತು. ಅವಳು ನೆಟ್ಟಗೆ ನಿಂತು, ಎದೆ ಉಬ್ಬಿಸಿ, ಇಡೀ ಸಭೆಯ ಕಡೆಗೆ ಮುಖ ಮಾಡಿ, “ನಾನು ಬದನೆಕಾಯಿ!” ಎಂದು ಕೂಗಿದಳು. ಹಿಂದಿನ ಸಾಲಿನಲ್ಲಿದ್ದ ಸಣ್ಣಬೀರಯ್ಯನವರು ಎದ್ದು ನಿಂತು ಟವೆಲ್ಲು ಬೀಸಿದರು. ನಾನು ಎಲ್ಲ ಮರೆತು ಶಿಳ್ಳೆ ಹೊಡೆಯುವುದೊಂದು ಬಾಕಿ!

ಕೊನೆಗೆ ಉಳಿದವಳು ಚಿನ್ನು. ಇಬ್ಬರು ಆಯಾಗಳು ಅವಳನ್ನು ಎತ್ತಿ ತಂದು ಮೈಕಿನ ಮುಂದೆ ನಿಲ್ಲಿಸಿದರು. ಮೂವತ್ತು ನೇರಳೆ ಮುಖಗಳು ಅವಳತ್ತ ತಿರುಗಿದವು. ಕಿಂಡಿಯೊಳಗಿಂದ ನನ್ನ ಮಗಳ ಕಣ್ಣು ನನ್ನನ್ನು ಹುಡುಕುತ್ತಿತ್ತು.

“ಇವಳು ಯಾಕೆ ಬದನೆಕಾಯಿ ಅಲ್ಲ?” ಎಂದು ಮುಂದಿನ ಸಾಲಿನ ಬದನೆಕಾಯಿಯೊಂದು ಜೋರಾಗಿ ಕೇಳಿತು.

ಅತಿಥಿಗಳು ವಾತಾವರಣ ತಿಳಿಮಾಡಲೆಂದು ನಕ್ಕು ಹೇಳಿದರು. “ಬದನೆ ಹೊಲದಲ್ಲಿ ಒಂದೇ ಒಂದು ಜೋಳ ಹುಟ್ಟಿದ್ರೆ ನಾವು ರೈತರು ಅದನ್ನ ಕಳೆ ಅಂತೀವಿ!” ಸಭೆಗೆ ಸಭೆಯೇ ಹೋ ಎಂದು ನಕ್ಕಿತು.

ಮೈಕಿನಲ್ಲಿ ಸಣ್ಣ ಧ್ವನಿಯೊಂದು ಕೇಳಿತು. “ಅಮ್ಮಾ... ನಾನು ಕಳೆನಾ?”

ಜೋಳ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಟ್ಟು, ಸುತ್ತ ತಿರುಗಿತು. ಗೋಡೆಯ ಕಡೆಗೆ.

ನನ್ನ ಡೈರಿಯ ಕೆಂಪು ಅಕ್ಷರಗಳೆಲ್ಲ ಆ ಗೋಡೆಯ ಮೇಲೆ ಬರೆದ ಹಾಗೆ ಕಂಡವು, ಸಹಿ ಮತ್ತು ಎರಡು ಗೆರೆಯ ಸಮೇತ. ನಾನು ಕುರ್ಚಿಗಳನ್ನು ತಳ್ಳಿಕೊಂಡು ವೇದಿಕೆಯ ಕಡೆ ಓಡಿದೆ. ಓಡಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆ ರಟ್ಟನ್ನು ಹರಿದು ಹಾಕಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ನನಗಿಂತ ಮೊದಲೇ ಒಂದು ಬದನೆಕಾಯಿ ವೇದಿಕೆ ಹತ್ತಿತ್ತು. ಮೋನಿ! ತನ್ನ ಹಸಿರು ಟೋಪಿ ತೆಗೆದಳು, ಜೋಳದ ರೇಷ್ಮೆಕೂದಲಿನ ಮೇಲೆ ಒತ್ತಿ ಕೂರಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಬಾ ಚಿನ್ನು. ಈಗ ನೀನೂ ಬದ್ನೆಕಾಯಿನೇ. ನೀನು ಉದ್ದ ಬದ್ನೆಕಾಯಿ.”

ಕಿಂಡಿಯೊಳಗಿಂದ ಮೂಗು ಎಳೆದ ಸದ್ದು ಬಂತು. ಆಮೇಲೆ, “ಹಳದಿ ಬದನೆಕಾಯಿ ಇರುತ್ತಾ?”

“ಇರ್ತದೆ. ನಮ್ ತಾತ ತಂದವ್ರೆ.”

“ನಾನು ಹಳದಿ ಬದನೆಕಾಯಿ!” ಎಂದು ಚಿನ್ನು ಮೈಕಿಗೆ ಕೂಗಿದಾಗ ನಾಲ್ಕು ಥರ್ಮಾಕೋಲ್ ಗುಂಡು ಉದುರಿದವು. ಚಪ್ಪಾಳೆಯೋ ಚಪ್ಪಾಳೆ! ಅತಿಥಿಗಳು ಎದ್ದು ನಿಂತು, “ಇದು ಹೊಸ ತಳಿ!” ಎಂದು ಘೋಷಿಸಿ ಎರಡೂ ಮಕ್ಕಳ ಕೈ ಕುಲುಕಿದರು, ಒಂದರ ಕೈ ಸಿಗದಿದ್ದರಿಂದ ಸಿಪ್ಪೆ ಕುಲುಕಿದರು.

ಹೊರಡುವಾಗ ಗೇಟಿನ ಬಳಿ ಸಣ್ಣಬೀರಯ್ಯನವರು ನನಗಾಗಿಯೇ ಕಾಯುತ್ತಿದ್ದರು. ಧನ್ಯವಾದ ಹೇಳಲು ಇರಬೇಕೆಂದು ನಾನು ವಿನಯದ ನಗು ಸಿದ್ಧಮಾಡಿಕೊಂಡೆ. ಅವರು ನನ್ನ ಮುಖವನ್ನು ಬಹಳ ಮರುಕದಿಂದ ನೋಡಿದರು.

“ಯಾಕವ್ವ, ನಿಮ್ಗೆ ಯಾರೂ ಯೋಳ್ನಿಲ್ವಾ?”

ನನ್ನ ನಗು ಅರ್ಧದಲ್ಲೇ ನಿಂತಿತು.

“ತಿನ್ನಾ ಬೆಳೆ ಅಂತ ನೀವೇ ಯೋಳುದ್ರಿ, ಆಮೇಕೆ ಬದ್ನೆಕಾಯಿ ಅಂತ ಆಗಿದ್ದು ನಿಮ್ಗೇ ತಲುಪ್ನಿಲ್ಲ. ನಂಗೊತ್ತು ಕಣವ್ವ ಆ ಸಂಕ್ಟ. ಓದ್ವರ್ಸ ನಮ್ಗೂ ಇಂಗೇ ಆಯ್ತು. ಆ ಫೋನು, ಗುಂಪು ನಂಬ್ಕೊಂಡು ಕೂತ್ರೆ ಇಂಗೇ ಆಗಾದು. ಬರ್ಕಳಿ ನನ್ ನಂಬ್ರ. ಇನ್ಮೇಕೆ ಏನಿದ್ರೂ ನಾನೇ ಫೋನ್ ಮಾಡಿ ಯೋಳ್ತೀನಿ. ಮಗ ಅಳ್ಬಾರ್ದು ನೋಡಿ.”

ಗೌರೀಶ್ ಗೂಡ್ಸ್ ಆಟೋದ ಹಿಂದೆ ಹೋಗಿ ನಿಂತರು. ಆಟೋ ಅಲುಗಾಡುತ್ತಿದ್ದ ರೀತಿಯಿಂದಲೇ ಅವರು ನಗುತ್ತಿರುವುದು ತಿಳಿಯಿತು. ನಾನು ಬ್ಯಾಗಿನಿಂದ ಡೈರಿ ತೆಗೆದು, ಜೂನ್ ಒಂದರ ಪುಟದಲ್ಲಿ, ಆ ಸಹಿಯ ಕೆಳಗೆ, ಎರಡು ಗೆರೆಯ ಕೆಳಗೆ, ಆ ನಂಬರು ಬರೆದುಕೊಂಡೆ.

ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಗುರುವಾರ ಬೆಳಿಗ್ಗೆ ದೋಸೆ ಮಗುಚುತ್ತಿದ್ದಾಗ ಫೋನು ಬಂತು.

“ಅವ್ವಾ, ನಾನು ಸಣ್ಣಬೀರಯ್ಯ. ನಾಳಿಕ್ಕೆ ಮಕ್ಕುಳ್ಗೆ ಬಿಳೀ ಬಟ್ಟೆ. ಮಿಸ್ಸು ಈಗ ಎಲ್ಲಾನೂ ಮರಿಯಯ್ಯಂಗೇ ನೇರ ಯೋಳ್ಬುಡ್ತಾರಂತೆ. ನಿಮ್ಗೆ ಗೊತ್ತಿರಾಕಿಲ್ಲ ಅಂತ ಮಾಡ್ದೆ.”

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ಆಯ್ತು ತಾತಾ” ಎಂದೆ ಮೆತ್ತಗೆ.

“ಉದಾರ್ಣೆಗೆ ಮೋನಿ ಫೋಟ ತೆಗ್ದು ಮರಿಯಯ್ಯನ್ ಕೈಲಿ ಕಳುಸ್ಲಾ ಅವ್ವಾ?”